ಗಾಯವನ್ನು ಮರೆಮಾಡುವ ಯಶಸ್ಸು: ಬಾಲ್ಯದ ದೌರ್ಜನ್ಯವನ್ನು ದಾಟಿಬಂದ ಮಹಿಳೆಯರ ಮನೋಚಿಕಿತ್ಸೆ ಮತ್ತು ಯಾಜಕರ ಹೊಣೆ

ಗುರುದೀಕ್ಷೆ ಪಡೆದ ಆರಂಭದ ವರ್ಷಗಳಲ್ಲಿ ನಾನು ಧರ್ಮಕೇಂದ್ರವೊಂದರಲ್ಲಿ ಸಹಾಯಕ ಗುರುವಾಗಿದ್ದೆ. ಅಲ್ಲಿನ ಪಾಲನಾ ಪರಿಷತ್ತಿನ ಸದಸ್ಯೆಯೊಬ್ಬರು ಹಣಕಾಸು ಸಂಸ್ಥೆಯೊಂದರಲ್ಲಿ ಹಿರಿಯ ಅಧಿಕಾರಿ. ಧರ್ಮಕೇಂದ್ರದ ಲೆಕ್ಕಪತ್ರದಿಂದ ಹಿಡಿದು ಹಬ್ಬದ ಊಟದವರೆಗೆ ಯಾವ ಕೆಲಸವನ್ನು ವಹಿಸಿದರೂ ಅಚ್ಚುಕಟ್ಟಾಗಿ ಮುಗಿಸುತ್ತಿದ್ದರು. ಒಂದು ಸಂಜೆ ಲೆಕ್ಕದ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಹೊರಟವರು ಬಾಗಿಲ ಬಳಿ ನಿಂತರು. “ಫಾದರ್, ನಾನು ಎಂಟು ವರ್ಷದವಳಿದ್ದಾಗಿನಿಂದ ಹನ್ನೆರಡಾಗುವವರೆಗೆ ನಮ್ಮ ಮನೆಯಲ್ಲೇ ಇದ್ದ ಬಂಧುವೊಬ್ಬರು ನನ್ನನ್ನು ಕೆಡಿಸಿದರು. ಯಾರಿಗೂ ಹೇಳಿಲ್ಲ. ಈಗ ನನ್ನ ಮಗಳಿಗೆ ಎಂಟು ತುಂಬಿತು. ರಾತ್ರಿ ನಿದ್ದೆ ಬರುತ್ತಿಲ್ಲ” ಎಂದರು.

ನಾನು ಕೊಟ್ಟ ಉತ್ತರ ಇಂದಿಗೂ ನನ್ನನ್ನು ಬಾಧಿಸುತ್ತದೆ. “ದೇವರು ನಿಮ್ಮನ್ನು ಎಷ್ಟು ಎತ್ತರಕ್ಕೆ ತಂದಿದ್ದಾರೆ ನೋಡಿ. ಆ ವ್ಯಕ್ತಿಯನ್ನು ಕ್ಷಮಿಸಿಬಿಡಿ, ಮನಸ್ಸು ಹಗುರವಾಗುತ್ತದೆ” ಎಂದೆ. ಅವರು ಧನ್ಯವಾದ ಹೇಳಿ ಹೋದರು. ಮುಂದಿನ ತಿಂಗಳ ಲೆಕ್ಕವೂ ಅಷ್ಟೇ ಅಚ್ಚುಕಟ್ಟಾಗಿತ್ತು. ಎಲ್ಲವೂ ಸರಿಹೋಯಿತೆಂದು ನಾನು ಭಾವಿಸಿದೆ. ಹಲವು ವರ್ಷಗಳ ಬಳಿಕ, ದೀರ್ಘ ಚಿಕಿತ್ಸೆ ಪಡೆದ ಮೇಲೆ, ಅವರೇ ನನ್ನನ್ನು ಭೇಟಿಯಾಗಿ ಹೇಳಿದರು: “ಅಂದು ನಿಮ್ಮ ಮಾತು ಕೇಳಿ ನಾನು ಮತ್ತೆ ಆರು ವರ್ಷ ಬಾಯಿ ಮುಚ್ಚಿಕೊಂಡೆ ಫಾದರ್.” ಈ ಮಾತುಕತೆ ಪಾಪನಿವೇದನೆಯ ಹೊರಗೆ ನಡೆದದ್ದು, ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇಲ್ಲಿ ಬರೆದಿದ್ದೇನೆ.

ಅಂದು ನಾನು ಮಾಡಿದ ತಪ್ಪು ಎರಡು ಬಗೆಯದು. ಅವರ ಯಶಸ್ಸನ್ನು ಗುಣವಾದುದರ ಸಾಕ್ಷಿಯೆಂದು ಓದಿದೆ. ಕ್ಷಮೆಯನ್ನು ಔಷಧಿಯಂತೆ ಬರೆದುಕೊಟ್ಟೆ. ಇಂಥ ಮಹಿಳೆಯರ ಅಂತರಂಗದಲ್ಲಿ ಏನು ನಡೆಯುತ್ತದೆ, ಮನೋಚಿಕಿತ್ಸೆ ಅವರಿಗೆ ಏನನ್ನು ಮಾಡಿಕೊಡುತ್ತದೆ, ಯಾಜಕರಾದ ನಮ್ಮ ಪಾಲು ಎಲ್ಲಿ ಆರಂಭವಾಗಿ ಎಲ್ಲಿ ನಿಲ್ಲಬೇಕು ಎಂಬುದನ್ನು ಪ್ರಸ್ತುತ ಲೇಖನ ವಿವರಿಸಲು ಯತ್ನಿಸುತ್ತದೆ.

1. ಯಶಸ್ಸು ಎಂಬ ಆಶ್ರಯ

ದೌರ್ಜನ್ಯಕ್ಕೆ ಒಳಗಾದ ಮಗು ಮುಂದೆ ಕಲಿಕೆಯಲ್ಲಿ ಹಿಂದುಳಿದು, ದಾರಿ ತಪ್ಪಿ, ಮುರಿದುಬಿದ್ದ ಬದುಕನ್ನು ಬಾಳುತ್ತದೆ ಎಂಬುದು ನಮ್ಮಲ್ಲಿ ಬೇರೂರಿರುವ ಕಲ್ಪನೆ. ಕೆಲವರ ವಿಷಯದಲ್ಲಿ ಹಾಗಾಗುತ್ತದೆ, ನಿಜ. ಆದರೆ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 17,000ಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡು ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ ನಡೆಸಿದ ಅಧ್ಯಯನ ಬೇರೆ ಚಿತ್ರವನ್ನು ಕೊಟ್ಟಿತು. ಇದರ ಮೊದಲ ವರದಿ 1998ರಲ್ಲಿ ಪ್ರಕಟವಾಯಿತು. ಅಲ್ಲಿ ಉತ್ತರಿಸಿದವರಲ್ಲಿ ಬಹುಪಾಲು ಜನರು ಆರೋಗ್ಯ ವಿಮೆಯಿದ್ದ, ಓದು ಬಲ್ಲ ಮಧ್ಯಮ ವರ್ಗದವರು. ಅವರಲ್ಲಿಯೂ ಬಾಲ್ಯದ ದೌರ್ಜನ್ಯ ವ್ಯಾಪಕವಾಗಿತ್ತು. ನಮ್ಮ ದೇಶದಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತು. ಅವರಲ್ಲಿ ಶೇಕಡಾ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದಾಗಿ ಹೇಳಿದರು. ಆ ಮಕ್ಕಳು ಈಗ ವಯಸ್ಕರು. ನಮ್ಮ ಶಾಲೆ, ಆಸ್ಪತ್ರೆ, ಕಚೇರಿ, ಕನ್ಯಾಮಠಗಳಲ್ಲಿ ಹೊಣೆ ಹೊತ್ತು ದುಡಿಯುತ್ತಿರುವವರಲ್ಲಿ ಅವರೂ ಇದ್ದಾರೆ.

ಹಂಗೇರಿಯ ಮನೋವಿಶ್ಲೇಷಕ ಶಾಂಡೊರ್ ಫೆರೆಂಚಿ 1932ರಲ್ಲಿ ನೀಡಿದ ಉಪನ್ಯಾಸವೊಂದರಲ್ಲಿ ಇಂಥ ಮಕ್ಕಳನ್ನು ಹಕ್ಕಿಯ ಕೊಕ್ಕು ತಾಗಿ ಹೊತ್ತಿಗೆ ಮುಂಚೆ ಮಾಗಿದ ಹಣ್ಣಿಗೆ ಹೋಲಿಸಿದರು. ಗಿಳಿ ಕಚ್ಚಿದ ಹಣ್ಣನ್ನು ಕಂಡಿರುವ ನಮಗೆ ಈ ಹೋಲಿಕೆ ಸುಲಭವಾಗಿ ಅರ್ಥವಾಗುತ್ತದೆ. ಹಿರಿಯರ ಮುಖಭಾವವನ್ನು ಕ್ಷಣಾರ್ಧದಲ್ಲಿ ಓದುವುದು, ಬರಲಿರುವ ಕೋಪವನ್ನು ಮೊದಲೇ ಗ್ರಹಿಸುವುದು, ಎಲ್ಲರನ್ನೂ ಸಮಾಧಾನಪಡಿಸುವುದು, ತಪ್ಪು ಹುಡುಕಲು ಎಡೆಗೊಡದಂತೆ ಕೆಲಸ ಮಾಡುವುದು: ಇವೆಲ್ಲ ಆ ಮಗು ಉಳಿದುಕೊಳ್ಳಲು ಕಲಿತ ವಿದ್ಯೆಗಳು. ಶಾಲೆಯಲ್ಲಿ ಅವು ಬಹುಮಾನ ತರುತ್ತವೆ, ಉದ್ಯೋಗದಲ್ಲಿ ಬಡ್ತಿ ತರುತ್ತವೆ, ಧರ್ಮಕೇಂದ್ರದಲ್ಲಿ ಮೆಚ್ಚುಗೆ ತರುತ್ತವೆ. ಒಳಗಿನ ಭಯ ಮಾತ್ರ ಕರಗುವುದಿಲ್ಲ. ಹೊರಗೆ ಹೊಗಳಿಕೆ ಹೆಚ್ಚಿದಷ್ಟೂ “ನಿಜ ತಿಳಿದರೆ ಇವರೆಲ್ಲ ನನ್ನನ್ನು ದೂರವಿಡುತ್ತಾರೆ” ಎಂಬ ಅಂಜಿಕೆ ಬಲಿಯುತ್ತದೆ.

ಆದಿಕಾಂಡದ ಜೋಸೆಫನ ಕಥೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು. ಹದಿನೇಳರ ಹರೆಯದಲ್ಲಿ ಸ್ವಂತ ಅಣ್ಣಂದಿರಿಂದಲೇ ಗುಂಡಿಗೆ ತಳ್ಳಲ್ಪಟ್ಟು ಮಾರಾಟವಾದವನು ಮುಂದೆ ಈಜಿಪ್ಟಿನ ಆಡಳಿತಾಧಿಕಾರಿಯಾಗುತ್ತಾನೆ. ಚೊಚ್ಚಲ ಮಗನಿಗೆ ‘ಮನಸ್ಸೆ’ ಎಂಬ ಹೆಸರಿಡುತ್ತಾನೆ. ತನ್ನ ಕಷ್ಟವನ್ನೂ ತಂದೆಯ ಮನೆಯನ್ನೂ ದೇವರು ಮರೆಯಿಸಿದರು ಎಂಬುದು ಆ ಹೆಸರಿನ ಇಂಗಿತ. ಆದರೆ ಅಣ್ಣಂದಿರು ಧಾನ್ಯಕ್ಕಾಗಿ ಬಂದು ಎದುರು ನಿಂತಾಗ ಮರೆತದ್ದೆಲ್ಲ ಮರಳುತ್ತದೆ. ಅವನು ಒಳಕೋಣೆಗೆ ಹೋಗಿ ಅಳುತ್ತಾನೆ, ಮುಖ ತೊಳೆದುಕೊಂಡು ಹೊರಬರುತ್ತಾನೆ, ತನ್ನನ್ನು ಬಿಗಿಹಿಡಿದುಕೊಂಡು ಊಟ ಬಡಿಸಲು ಅಪ್ಪಣೆ ಕೊಡುತ್ತಾನೆ (ಆದಿಕಾಂಡ 43:30–31). ಅತ್ತು, ಮುಖ ತೊಳೆದು, ಊಟ ಬಡಿಸಲು ಬರುವುದು ನಾವು ಮಾತನಾಡುತ್ತಿರುವ ಮಹಿಳೆಯರ ಬದುಕಿನ ದಿನಚರಿ.

ಇವರು ಚಿಕಿತ್ಸೆಗೆ ಬರುವುದು ತಡವಾಗಿ, ಬಹುಮಟ್ಟಿಗೆ ಮೂವತ್ತು ನಲವತ್ತು ದಾಟಿದ ಮೇಲೆ. ಮಗಳು ತಾನು ಅಂದು ಇದ್ದ ವಯಸ್ಸಿಗೆ ಬರುವುದು, ಹೆರಿಗೆ, ತಂದೆ ಅಥವಾ ತಾಯಿಯ ಮರಣ, ದೌರ್ಜನ್ಯ ಎಸಗಿದವನು ಹಾಸಿಗೆ ಹಿಡಿದು ಆರೈಕೆಯ ಹೊಣೆ ತನ್ನ ಮೇಲೆ ಬೀಳುವುದು, ನಿವೃತ್ತಿ: ಇಂಥ ಘಟ್ಟಗಳಲ್ಲಿ ಹಳೆಯ ರಕ್ಷಣೆ ಕುಸಿಯುತ್ತದೆ. ಮೊದಲು ಮಾತನಾಡುವುದು ದೇಹ. ನಿದ್ರಾಹೀನತೆ, ತಲೆಶೂಲೆ, ಕಾರಣ ತಿಳಿಯದ ಹೊಟ್ಟೆನೋವು, ರಜೆಯ ದಿನವೂ ಕುಳಿತುಕೊಳ್ಳಲಾಗದ ಚಡಪಡಿಕೆ, ಪತಿಯ ಸ್ಪರ್ಶಕ್ಕೂ ಮರಗಟ್ಟುವ ಮೈ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದು ಇಂಥ ದೀರ್ಘ ಆಘಾತದ ಪರಿಣಾಮಕ್ಕೆ ‘ಸಂಕೀರ್ಣ ಆಘಾತೋತ್ತರ ಒತ್ತಡದ ಕಾಯಿಲೆ’ ಎಂಬ ಪ್ರತ್ಯೇಕ ಸ್ಥಾನ ನೀಡಿತು. ಆಘಾತ ಮರುಕಳಿಸುವ ಅನುಭವಗಳ ಜೊತೆಗೆ ಭಾವನೆಗಳು ಹತೋಟಿ ತಪ್ಪುವುದು, ತಾನು ಅಯೋಗ್ಯಳು ಎಂಬ ನಂಬಿಕೆ ಗಟ್ಟಿಯಾಗುವುದು, ಸಂಬಂಧಗಳಲ್ಲಿ ಹತ್ತಿರವಾಗಲು ಆಗದಿರುವುದು, ಈ ಮೂರೂ ಅದರ ಲಕ್ಷಣಗಳು.

2. ಚಿಕಿತ್ಸೆಯ ಮೂರು ಹಂತಗಳು

ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಪ್ರಕಟಿಸಿದ ‘ಟ್ರಾಮಾ ಆ್ಯಂಡ್ ರಿಕವರಿ’ ಎಂಬ ಕೃತಿ ಚೇತರಿಕೆಯ ಹಾದಿಯನ್ನು ಮೂರು ಹಂತಗಳಲ್ಲಿ ವಿವರಿಸಿತು: ಸುರಕ್ಷತೆ, ಸ್ಮರಣೆ ಮತ್ತು ಶೋಕ, ಸಂಬಂಧಗಳ ಪುನರ್ನಿರ್ಮಾಣ. ಇವು ಏಣಿಯ ಮೆಟ್ಟಿಲುಗಳಂತೆ ಒಂದಾದ ಮೇಲೊಂದು ಬಂದು ಮುಗಿಯುವುದಿಲ್ಲ. ಎರಡನೆಯದರಿಂದ ಮೊದಲನೆಯದಕ್ಕೆ ಹಲವು ಸಾರಿ ಮರಳಬೇಕಾಗುತ್ತದೆ.

ಮೊದಲ ಹಂತದಲ್ಲಿ ಗತವನ್ನು ಕೆದಕುವುದಿಲ್ಲ. ನಿದ್ರೆ, ಆಹಾರ, ಆತ್ಮಹತ್ಯೆಯ ಯೋಚನೆ ಅಥವಾ ತನ್ನನ್ನೇ ಗಾಯಗೊಳಿಸಿಕೊಳ್ಳುವ ಗುಟ್ಟಿನ ಅಭ್ಯಾಸ ಇದೆಯೇ, ಅಪರಾಧಿ ಇಂದಿಗೂ ಮನೆಗೆ ಬಂದುಹೋಗುತ್ತಾನೆಯೇ ಎಂಬುದರತ್ತ ಗಮನ ಹರಿಯುತ್ತದೆ. ಭಯ ಏರಿದಾಗ ಪಾದಗಳನ್ನು ನೆಲಕ್ಕೂರಿ, ಸುತ್ತ ಕಾಣುವ ವಸ್ತುಗಳನ್ನು ಒಂದೊಂದಾಗಿ ಹೆಸರಿಸಿ, “ಇದು ಇಂದು, ಅಂದಲ್ಲ” ಎಂದು ದೇಹಕ್ಕೆ ತಿಳಿಸುವ ಸರಳ ಅಭ್ಯಾಸಗಳನ್ನು ಕಲಿಸಲಾಗುತ್ತದೆ. ಅಗತ್ಯವಿದ್ದರೆ ಮನೋವೈದ್ಯರು ಔಷಧಿ ನೀಡುತ್ತಾರೆ. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ವಿಜಯದ ಬೆನ್ನಲ್ಲೇ ಮರುಭೂಮಿಗೆ ಓಡಿ ಸಾವನ್ನು ಬೇಡಿದಾಗ ದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ರೆ, ಮತ್ತೆ ರೊಟ್ಟಿ (1 ಅರಸರು 19). ‘ಇಲ್ಲಿ ಏಕಿರುವೆ’ ಎಂಬ ಪ್ರಶ್ನೆ ಹೋರೇಬಿನಲ್ಲಿ, ಆಮೇಲೆ ಬರುತ್ತದೆ. ದೇವರೇ ಪಾಲಿಸಿದ ಈ ಕ್ರಮವನ್ನು ನಾವು ಅವಸರದಲ್ಲಿ ಮೀರಬಾರದು.

ಎರಡನೆಯ ಹಂತದಲ್ಲಿ ಆಕೆ ತನಗೆ ಸಾಧ್ಯವಾಗುವ ವೇಗದಲ್ಲಿ ನಡೆದುದನ್ನು ಹೇಳುತ್ತಾಳೆ. ಚೂರುಚೂರಾಗಿ, ಮೈನಡುಕವಾಗಿ, ದುಃಸ್ವಪ್ನವಾಗಿ ಉಳಿದಿದ್ದ ನೆನಪು ಆದಿ ಅಂತ್ಯಗಳಿರುವ ಕಥೆಯಾಗುತ್ತದೆ, ಮುಗಿದುಹೋದ ಸಂಗತಿಯಾಗುತ್ತದೆ. ಆಘಾತದ ನೆನಪನ್ನೇ ಗುರಿಯಾಗಿಸಿದ ಚಿಂತನ ವರ್ತನಾ ಚಿಕಿತ್ಸೆ, ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣುಗಳನ್ನು ಎಡಬಲಕ್ಕೆ ಚಲಿಸುವ ಇ.ಎಂ.ಡಿ.ಆರ್. ಎಂಬ ಪದ್ಧತಿ, ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆ ಆಘಾತೋತ್ತರ ಒತ್ತಡದ ಕಾಯಿಲೆಗಾಗಿ 2013ರ ತನ್ನ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ಬಾಲ್ಯದಲ್ಲಿ ದೌರ್ಜನ್ಯಕ್ಕೊಳಗಾದ ಮಹಿಳೆಯರೊಂದಿಗೇ ಮೆರಿಲೀನ್ ಕ್ಲಾಯ್ಟರ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲು ಭಾವನೆಗಳನ್ನೂ ಸಂಬಂಧಗಳನ್ನೂ ನಿಭಾಯಿಸುವ ತರಬೇತಿ, ಅನಂತರ ನೆನಪುಗಳನ್ನು ಎದುರಿಸುವ ಚಿಕಿತ್ಸೆ ಎಂಬ ಕ್ರಮ ಫಲ ನೀಡಿತು. ಎಲ್ಲರಿಗೂ ಇಂಥ ಪೂರ್ವಸಿದ್ಧತೆಯ ಹಂತ ಅಗತ್ಯವೇ ಎಂಬ ಬಗ್ಗೆ ತಜ್ಞರಲ್ಲಿ ಚರ್ಚೆ ಮುಂದುವರಿದಿದೆ.

ಈ ಹಂತದ ಅತಿ ಕಠಿಣ ಭಾಗ ಶೋಕ. ಯಾರೂ ಕಾಪಾಡದ ಆ ಪುಟ್ಟ ಹುಡುಗಿಗಾಗಿ ಆಕೆ ಮೊದಲ ಬಾರಿಗೆ ಅಳುತ್ತಾಳೆ. ದೌರ್ಜನ್ಯ ಎಸಗಿದವನ ಮೇಲಿನ ಕೋಪಕ್ಕಿಂತ, ಕಂಡೂ ಕಾಣದಂತಿದ್ದ ತಾಯಿಯ ಮೇಲಿನ ಕೋಪ ಹೊರಬರುವುದು ಹೆಚ್ಚು ಕಷ್ಟ. ತಂದೆತಾಯಿಗಳನ್ನು ಗೌರವಿಸು ಎಂಬ ದೇವಾಜ್ಞೆಯನ್ನು ಮೀರುತ್ತಿದ್ದೇನೆಂಬ ಭಯ ಭಕ್ತೆಯನ್ನು ಇಲ್ಲಿ ತಡೆಯುತ್ತದೆ. ಗೌರವವೆಂದರೆ ಸುಳ್ಳಿಗೆ ಕಾವಲು ನಿಲ್ಲುವುದೆಂದು ಆ ಆಜ್ಞೆ ಎಲ್ಲಿಯೂ ಹೇಳುವುದಿಲ್ಲ. ಇದನ್ನು ಯಾಜಕರೊಬ್ಬರು ಸ್ಪಷ್ಟವಾಗಿ ಹೇಳಿದರೆ ಚಿಕಿತ್ಸೆಯ ಹಾದಿಯಲ್ಲಿನ ದೊಡ್ಡ ಬಂಡೆಯೊಂದು ಸರಿದಂತೆ.

ಮೂರನೆಯ ಹಂತದಲ್ಲಿ ಆಕೆ ಇಂದಿನ ಬದುಕಿಗೆ ಮರಳುತ್ತಾಳೆ. ಇಲ್ಲ ಎನ್ನಲು ಕಲಿಯುತ್ತಾಳೆ, ಸಹಾಯ ಕೇಳಲು ಕಲಿಯುತ್ತಾಳೆ. ಅದೇ ಉದ್ಯೋಗದಲ್ಲಿ, ಅದೇ ದಕ್ಷತೆಯಿಂದ ಮುಂದುವರಿಯಬಹುದು. ಆದರೆ ಈಗ ಆಕೆ ದುಡಿಯುವುದು ಭಯದಿಂದಲ್ಲ, ಇಚ್ಛೆಯಿಂದ.

3. ಸಮರ್ಥರ ಚಿಕಿತ್ಸೆಯ ತೊಡಕುಗಳು

ಸಮರ್ಥಳಾದ ಮಹಿಳೆ ಚಿಕಿತ್ಸೆಯಲ್ಲಿಯೂ ‘ಒಳ್ಳೆಯ ವಿದ್ಯಾರ್ಥಿನಿ’ಯಾಗುತ್ತಾಳೆ. ಸಮಯಕ್ಕೆ ಸರಿಯಾಗಿ ಬರುತ್ತಾಳೆ, ಪುಸ್ತಕಗಳನ್ನು ಓದಿಕೊಂಡು ಬರುತ್ತಾಳೆ, ತನ್ನ ಕಥೆಯನ್ನು ಬೇರೆ ಯಾರದೋ ವರದಿಯಂತೆ ಕಣ್ಣೀರಿಲ್ಲದೆ ಒಪ್ಪಿಸುತ್ತಾಳೆ, ಚಿಕಿತ್ಸಕರಿಗೆ ನೋವಾಗಬಾರದೆಂದು ಅವರನ್ನೇ ಸಂತೈಸುತ್ತಾಳೆ. “ಬೇರೆಯವರಿಗೆ ಇದಕ್ಕಿಂತ ಕೆಟ್ಟದ್ದಾಗಿದೆ, ನನ್ನದೇನು ಮಹಾ” ಎಂದು ತನ್ನ ನೋವನ್ನು ಕುಗ್ಗಿಸುತ್ತಾಳೆ. ಸ್ವಲ್ಪ ನಿದ್ದೆ ಬಂದ ಕೂಡಲೇ “ಈಗ ಸರಿಹೋದೆ” ಎಂದು ನಿಲ್ಲಿಸುತ್ತಾಳೆ. ಅನುಭವಿ ಚಿಕಿತ್ಸಕರು ಈ ಅಚ್ಚುಕಟ್ಟಿನ ಹಿಂದೆ ಅಡಗಿದ ಮಗುವನ್ನು ತಾಳ್ಮೆಯಿಂದ ಕಾಯುತ್ತಾರೆ. ಒಂದು ದಿನ ಆಕೆ ತಡವಾಗಿ ಬಂದು, ಸಿಡುಕಿ, “ಇಂದು ನನಗೆ ಮಾತನಾಡಲು ಇಷ್ಟವಿಲ್ಲ” ಎಂದರೆ, ಅದು ಹಿನ್ನಡೆಯೇನಲ್ಲ. ಮೆಚ್ಚಿಸದೆಯೂ ಇಲ್ಲಿ ತನಗೆ ಜಾಗವಿದೆ ಎಂದು ಆಕೆ ಪರೀಕ್ಷಿಸುತ್ತಿದ್ದಾಳೆ.

ಇದರ ಬುಡದಲ್ಲಿರುವ ಭಯವನ್ನು ದೈವಶಾಸ್ತ್ರದ ಭಾಷೆಯಲ್ಲಿ ಹೇಳಬಹುದು. ಆಕೆ ತನ್ನ ಇರುವಿಕೆಯನ್ನೇ ದುಡಿದು ಗಳಿಸಬೇಕೆಂದು ನಂಬಿದ್ದಾಳೆ. ಕೆಲಸ ನಿಂತರೆ ತಾನು ಯಾರಿಗೂ ಬೇಡವಾಗುತ್ತೇನೆ ಎಂಬ ಈ ನಂಬಿಕೆ ವರಪ್ರಸಾದದ ಬೋಧನೆಗೆ ನೇರ ವಿರುದ್ಧ. ವರಪ್ರಸಾದ ಉಚಿತವೆಂದು ನಾವು ಪೀಠದಿಂದ ಎಷ್ಟು ಬೋಧಿಸಿದರೂ, ಆಕೆ ಅದನ್ನು ಮೊದಲು ಅನುಭವಿಸುವುದು ಯಾವ ಸಾಧನೆಯನ್ನೂ ಕೇಳದೆ ವಾರಕ್ಕೊಮ್ಮೆ ತನಗಾಗಿ ಕಾದಿಡಲಾದ ಒಂದು ಗಂಟೆಯಲ್ಲಿರಬಹುದು. ವರಪ್ರಸಾದವು ಪ್ರಕೃತಿಯನ್ನು ಅಳಿಸದೆ ಪರಿಪೂರ್ಣಗೊಳಿಸುತ್ತದೆ ಎಂಬ ಸಂತ ತೋಮಸ್ ಅಕ್ವಿನಾಸರ ಬೋಧನೆ ಇಲ್ಲಿ ಸಾರ್ಥಕವಾಗುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ‘ಗೌದಿಯುಂ ಎತ್ ಸ್ಪೆಸ್’ ದಾಖಲೆ (62) ಪಾಲನಾ ಸೇವೆಯಲ್ಲಿ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಗಳ ಫಲಿತಾಂಶಗಳನ್ನು ಬಳಸಿಕೊಳ್ಳಬೇಕೆಂದು 1965ರಷ್ಟು ಹಿಂದೆಯೇ ಬೋಧಿಸಿದೆ. ಚಿಕಿತ್ಸೆಗೆ ಹೋಗುವುದು ವಿಶ್ವಾಸದ ಕೊರತೆಯಲ್ಲವೆಂದು ನಾವು ಅಂಜದೆ ಸಾರಬೇಕು.

4. ನಮ್ಮಿಂದಾಗುವ ಕೇಡುಗಳು

ಮೊದಲನೆಯದು ಅವಸರದ ಕ್ಷಮೆ. ಜೋಸೆಫ ಅಣ್ಣಂದಿರನ್ನು ಕಂಡ ಕ್ಷಣವೇ ಅಪ್ಪಿಕೊಳ್ಳಲಿಲ್ಲ. ತನ್ನ ಗುರುತನ್ನು ಮುಚ್ಚಿಟ್ಟ, ಅವರನ್ನು ಪರೀಕ್ಷಿಸಿದ, ಮರೆಯಲ್ಲಿ ಅತ್ತ. ಬೆನ್ಯಾಮೀನನಿಗೆ ಬದಲಾಗಿ ತಾನೇ ದಾಸನಾಗಿ ಉಳಿಯುತ್ತೇನೆಂದು ಯೂದನು ಮುಂದೆ ಬಂದ ಮೇಲೆ, ಅಂದರೆ ಅಪರಾಧಿಗಳು ಬದಲಾದುದು ಕಂಡ ಮೇಲೆ, ಅವನು ತನ್ನನ್ನು ಪ್ರಕಟಿಸಿಕೊಂಡ. ಆ ಹೊತ್ತಿಗೆ ಅವನು ಸುರಕ್ಷಿತನಾಗಿದ್ದ. ಅಧಿಕಾರ ಅವನ ಕೈಯಲ್ಲಿತ್ತು. ‘ನೀವು ನನ್ನನ್ನು ಮಾರಿದಿರಿ’ ಎಂಬ ಸತ್ಯವನ್ನು ಅವನು ನುಂಗಲೂ ಇಲ್ಲ. ಕ್ಷಮೆ ವರಪ್ರಸಾದದ ಫಲ. ಚಿಕಿತ್ಸೆಗೆ ಪ್ರವೇಶ ಶುಲ್ಕವಲ್ಲ. ಕ್ಷಮಿಸುವುದೆಂದರೆ ಮತ್ತೆ ಅದೇ ಮನೆಗೆ ಹೋಗಿ ಕುಳಿತುಕೊಳ್ಳುವುದೂ ಅಲ್ಲ, ದೂರನ್ನು ಕೈಬಿಡುವುದೂ ಅಲ್ಲ.

ಎರಡನೆಯದು ಪಾಪನಿವೇದನೆಯಲ್ಲಿ ನಡೆಯಬಹುದಾದ ಕೇಡು. ತನಗಾದುದನ್ನೇ ತನ್ನ ಪಾಪವೆಂದು ನಿವೇದಿಸುವವರು ಬರುತ್ತಾರೆ. ಯಾಜಕರು ಸುಮ್ಮನೆ ಕೇಳಿ ಪ್ರಾಯಶ್ಚಿತ್ತ ವಿಧಿಸಿದರೆ, ಆ ಸುಳ್ಳಿಗೆ ಸಂಸ್ಕಾರದ ಮೊಹರು ಬಿದ್ದಂತಾಗುತ್ತದೆ. “ಇದು ನಿಮ್ಮ ಪಾಪವಲ್ಲ, ನಿಮ್ಮ ವಿರುದ್ಧ ನಡೆದ ಪಾಪ” ಎಂದು ಅಲ್ಲೇ ಹೇಳಬೇಕು. ನಮ್ಮ ಭಾಷೆಯೂ ಇಲ್ಲಿ ಮೋಸ ಮಾಡುತ್ತದೆ. ‘ಕೆಡಿಸಿದರು’ ಎಂದು ಆಕೆ ಹೇಳುವಾಗ ‘ಕೆಟ್ಟವಳು’ ಎಂಬ ತೀರ್ಪು ಅದರೊಳಗೇ ಇದೆ. ‘ಮಾನ ಹೋಯಿತು’ ಎನ್ನುವಾಗ ಮಾನಗೆಟ್ಟವನು ಯಾರೆಂಬುದೇ ಮರೆಯಾಗುತ್ತದೆ. ಇಂಥ ಮಾತುಗಳನ್ನು ನಾವು ಬಳಸಬಾರದು.

ಮೂರನೆಯದು ಮೌನಕ್ಕೆ ಧಾರ್ಮಿಕ ಹೊದಿಕೆ. ಅಮ್ನೋನನಿಂದ ಅತ್ಯಾಚಾರಕ್ಕೊಳಗಾದ ತಾಮಾರಳು ರಾಜಪುತ್ರಿಯರ ನಿಲುವಂಗಿಯನ್ನು ಹರಿದುಕೊಂಡು, ತಲೆಯ ಮೇಲೆ ಬೂದಿ ಹಾಕಿಕೊಂಡು, ಕೂಗುತ್ತ ಹೋದಳು. ಸುಮ್ಮನಿರು, ಅವನು ನಿನ್ನ ಅಣ್ಣ ಎಂದು ಅಬ್ಷಾಲೋಮ ಅವಳ ಬಾಯಿ ಮುಚ್ಚಿಸಿದ. ರಾಜ ದಾವೀದ ಕೋಪಗೊಂಡ. ಮಾಡಿದ್ದು ಮಾತ್ರ ಏನೂ ಇಲ್ಲ (2 ಸಮುವೇಲ 13). ನಮ್ಮ ಕುಟುಂಬಗಳಲ್ಲೂ ಮಠಗಳಲ್ಲೂ ಧರ್ಮಕೇಂದ್ರಗಳಲ್ಲೂ ಅಬ್ಷಾಲೋಮನ ಮಾತು ಇಂದಿಗೂ ಕೇಳಿಬರುತ್ತದೆ. ತಾಮಾರಳು ತನ್ನ ನಿಲುವಂಗಿಯನ್ನು ಎಲ್ಲರೆದುರು ಹರಿದಳು. ಹರಿಯದ ನಿಲುವಂಗಿ ತೊಟ್ಟು ನಮ್ಮ ಸಭೆಗಳಲ್ಲಿ ಕುಳಿತಿರುವವರ ಕೂಗು ನಮಗೆ ಕೇಳಿಸುವುದೇ ಇಲ್ಲ.

ನಾಲ್ಕನೆಯದು ನೆನಪುಗಳನ್ನು ಹುಟ್ಟುಹಾಕುವುದು. ‘ನಿಮ್ಮ ಬಾಲ್ಯದಲ್ಲಿ ಯಾರೋ ನಿಮ್ಮನ್ನು ಮುಟ್ಟಿದ್ದನ್ನು ಕಾಣುತ್ತಿದ್ದೇನೆ’ ಎಂದು ಸೌಖ್ಯ ಪ್ರಾರ್ಥನೆಯಲ್ಲಿ ಘೋಷಿಸುವುದು ಅಪಾಯಕರ. ಮಾನವ ಸ್ಮರಣೆ ಸೂಚನೆಗೆ ಬಾಗಬಲ್ಲದು. ಹೇಳಿದ್ದನ್ನು ನಂಬಿ ಕೇಳುವುದು ನಮ್ಮ ಕೆಲಸ; ಹೇಳದಿದ್ದುದನ್ನು ಬಾಯಿಗೆ ತುರುಕುವುದಲ್ಲ.

5. ಯಾಜಕರು ಮಾಡಬಹುದಾದುದು

ಆಕೆ ಮಾತು ತೆಗೆದಾಗ ಕುಳಿತು ಕೇಳಬೇಕು. ವಿವರಗಳನ್ನು ಕೆದಕಬಾರದು. “ಹೇಳಿದ್ದು ಒಳ್ಳೆಯದಾಯಿತು. ನಿಮ್ಮನ್ನು ನಂಬುತ್ತೇನೆ. ತಪ್ಪು ನಿಮ್ಮದಲ್ಲ” ಎಂಬ ಮೂರು ವಾಕ್ಯಗಳು ಮೊದಲ ಭೇಟಿಗೆ ಸಾಕು. ಅಪ್ಪಣೆಯಿಲ್ಲದೆ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬಾರದು. ಬಾಗಿಲು, ಆಸನ, ಸಮಯ ಯಾವುದರಲ್ಲೂ ಆಕೆಯ ಆಯ್ಕೆ ಇರಲಿ. ಅಪರಾಧಿ ಯಾಜಕನೇ ಆಗಿದ್ದರೆ ನಮ್ಮ ನಿಲುವಂಗಿಯೇ ಆಕೆಗೆ ಭಯ ತರಬಹುದು. ಆಗ ಆಕೆ ನಂಬುವ ಮಹಿಳೆಯೊಬ್ಬರು ಜೊತೆಗಿರುವುದು ಲೇಸು. ದೇವರನ್ನು ‘ತಂದೆ’ ಎಂದು ಕರೆಯಲು ಬಾಯಿ ಬಾರದವರಿಗೆ ಪ್ರವಾದಿ ಯೆಶಾಯ ತೋರಿಸುವ ತಾಯಿಯ ರೂಪಕ (ಯೆಶಾಯ 49:15, 66:13) ತೆರೆದೇ ಇದೆ.

ಬಳಿಕ ಅರ್ಹ ಚಿಕಿತ್ಸಕರ ಬಳಿಗೆ ಕಳುಹಿಸಬೇಕು. ಆಪ್ತಸಮಾಲೋಚನೆಯ ಅಲ್ಪಾವಧಿ ತರಬೇತಿ ನಮ್ಮನ್ನು ಆಘಾತದ ಚಿಕಿತ್ಸಕರನ್ನಾಗಿ ಮಾಡುವುದಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮನೋವೈದ್ಯರು, ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳು, 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ (14416): ಇವುಗಳ ಮಾಹಿತಿ ಪ್ರತಿ ಧರ್ಮಕೇಂದ್ರದ ಕಚೇರಿಯಲ್ಲಿರಬೇಕು. ಕಳುಹಿಸಿದ ಮೇಲೆ ಕೈತೊಳೆದುಕೊಳ್ಳಬಾರದು. ಚಿಕಿತ್ಸೆಯ ತಿಂಗಳುಗಳಲ್ಲಿ ಆಕೆ ಮೊದಲಿನಂತೆ ದುಡಿಯಲಾರಳು; ಪರಿಷತ್ತಿನ ಕೆಲಸಗಳಿಂದ ಬಿಡುವು ಕೊಟ್ಟು, ಆಕೆಯ ಆಸನವನ್ನು ಮಾತ್ರ ಕಾಯ್ದಿರಿಸಬೇಕು.

ಕಾನೂನನ್ನೂ ತಿಳಿದಿರಬೇಕು. 14 ನವೆಂಬರ್ 2012ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ 19ನೆಯ ಕಲಮು ಮಗುವಿನ ಮೇಲಿನ ಲೈಂಗಿಕ ಅಪರಾಧವನ್ನು ಬಲ್ಲವರು ಪೊಲೀಸರಿಗೆ ತಿಳಿಸಬೇಕೆನ್ನುತ್ತದೆ. ತಿಳಿಸದಿದ್ದರೆ 21ನೆಯ ಕಲಮಿನಡಿ ಶಿಕ್ಷೆಯುಂಟು. ಇಂದು ವಯಸ್ಕಳಾಗಿರುವ ಮಹಿಳೆಯನ್ನು ದೂರಿಗೆ ದಬ್ಬುವುದು ಸಲ್ಲದು; ಆದರೆ ಅದೇ ವ್ಯಕ್ತಿಯ ಕೈಗೆಟಕುವಲ್ಲಿ ಇಂದೂ ಮಕ್ಕಳಿದ್ದಾರೆಯೇ ಎಂದು ಕೇಳಲೇಬೇಕು, ಇದ್ದರೆ ಸುಮ್ಮನಿರಲಾಗದು. ವಿಶ್ವಗುರು ಫ್ರಾನ್ಸಿಸ್ 2019ರ ಮೇ ತಿಂಗಳಲ್ಲಿ ಹೊರಡಿಸಿದ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ಯಾಜಕರೂ ಸನ್ಯಾಸಿಗಳೂ ಎಸಗಿದ ದೌರ್ಜನ್ಯದ ಮಾಹಿತಿ ದೊರೆತಾಗ ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡುವುದನ್ನು ಯಾಜಕ ವರ್ಗಕ್ಕೂ ಧಾರ್ಮಿಕರಿಗೂ ಕಡ್ಡಾಯಗೊಳಿಸಿದೆ. ಪಾಪನಿವೇದನೆಯ ಗೌಪ್ಯತೆ ಅಭಂಗವಾದುದು. ಅಲ್ಲಿ ಬಾಯಿ ಬಿಟ್ಟವರಿಗೆ, ಅದೇ ಮಾತನ್ನು ಹೊರಗೆ ಸುರಕ್ಷಿತವಾಗಿ ಹೇಳಲು ಸಾಧ್ಯವೆಂದು ತಿಳಿಸಿ ಆಹ್ವಾನಿಸಬಹುದು.

ಸಮಾಪ್ತಿ

ಪುನರುತ್ಥಾನರಾದ ಪ್ರಭು ಗಾಯದ ಗುರುತುಗಳೊಂದಿಗೇ ಶಿಷ್ಯರ ನಡುವೆ ನಿಂತರು (ಯೊವಾನ್ನ 20). ಗಾಯ ಅಳಿಸಿಹೋಗಿರಲಿಲ್ಲ, ಅದು ರಕ್ತ ಸುರಿಸುತ್ತಿರಲೂ ಇಲ್ಲ. ಯಾರಿಗೆ, ಯಾವಾಗ ತೋರಿಸಬೇಕೆಂಬ ಆಯ್ಕೆ ಪ್ರಭುವಿನದೇ ಆಗಿತ್ತು. ಚಿಕಿತ್ಸೆಯ ಗುರಿಯೂ ಹೆಚ್ಚುಕಡಿಮೆ ಇಷ್ಟೇ.

ಈ ಲೇಖನವನ್ನು ಓದುವ ಗುರು ಅಭ್ಯರ್ಥಿಗಳಲ್ಲಿಯೂ ಯಾಜಕ ಬಂಧುಗಳಲ್ಲಿಯೂ ತಮ್ಮ ಬಾಲ್ಯದ ಇಂಥ ಗಾಯವನ್ನು ಉತ್ತಮ ಅಂಕಗಳ, ಬಿಡುವಿಲ್ಲದ ಸೇವೆಯ ಹಿಂದೆ ಅಡಗಿಸಿಕೊಂಡವರು ಇರಬಹುದು. ಇಲ್ಲಿ ಹೇಳಿದ್ದೆಲ್ಲ ಅವರಿಗೂ ಸಲ್ಲುತ್ತದೆ. ಮಿಕ್ಕವರಿಗೆ ನನ್ನ ವಿನಂತಿ ಒಂದೇ. ನಾಳೆ ನಿಮ್ಮ ಧರ್ಮಕೇಂದ್ರದ ಅತ್ಯಂತ ಸಮರ್ಥ ಮಹಿಳೆಯೊಬ್ಬರು ಲೆಕ್ಕದ ಪುಸ್ತಕವನ್ನು ಮೇಜಿನ ಮೇಲಿಟ್ಟು, ಹೊರಡದೆ ಬಾಗಿಲ ಬಳಿ ನಿಂತರೆ, ಪುಸ್ತಕವನ್ನು ಬದಿಗಿಟ್ಟು ಅವರಿಗೆ ಕುರ್ಚಿ ಕೊಡಿ. ನಾನು ಅಂದು ಅದನ್ನು ಮಾಡಲಿಲ್ಲ.